ಒಂದೇ ಬಾಣಲೆಗೆ ಎರಡು ಬೀಜ

ನನ್ನ ಗಂಡ ಮೂವತ್ತು ವರ್ಷದಿಂದ ಕಾಫಿಪುಡಿ ಅಂಗಡಿಯೊಂದರಲ್ಲಿ ಬೀಜ ಹುರಿಯುತ್ತಿದ್ದಾರೆ. ಮನೆಗೆ ಬೇಕಾದದ್ದನ್ನೂ ಭಾನುವಾರ ಬೆಳಿಗ್ಗೆ ಅವರೇ ಬಾಣಲೆಯಲ್ಲಿ ಹುರಿಯುತ್ತಾರೆ. ಸಣ್ಣ ಬೀಜ ಬೇಗ ಹದಕ್ಕೆ ಬರುತ್ತದೆ, ದಪ್ಪದ್ದು ನಿಧಾನ. ಹಾಗಾಗಿ ಬೇರೆ ಬೇರೆ ಹುರಿದು, ತಣ್ಣಗಾದ ಮೇಲೆಯೇ ಬೆರೆಸಬೇಕು. ಮದುವೆಯಾದ ಹೊಸದರಲ್ಲಿ ನಾನೊಮ್ಮೆ ಹಸಿಬೀಜವನ್ನೇ ಬೆರೆಸಿ ಹುರಿದಿದ್ದಕ್ಕೆ ಎರಡು ದಿನ ಮುಖ ಊದಿಸಿಕೊಂಡಿದ್ದರು.

ಈ ಭಾನುವಾರ ಸಣ್ಣದು, ದಪ್ಪದ್ದು ಎರಡೂ ಬೀಜದ ಡಬ್ಬಿಗಳನ್ನು ಅವರೇ ಒಂದೇ ಬಾಣಲೆಗೆ ಸುರಿದರು.

"ಏನ್ರೀ ಇದು, ಎರಡನ್ನೂ ಒಟ್ಟಿಗೆ ಹಾಕಿಬಿಟ್ರಲ್ಲ?" ಎಂದೆ.

"ನಂಗೇ ಹೇಳ್ಕೊಡೋಕೆ ಬರ್ತೀಯಾ? ಹೋಗಿ ನಿನ್ ಕೆಲ್ಸ ನೋಡ್ಕೋ."

ನನಗೂ ಮೂಗಿನ ತುದಿಯಲ್ಲೇ ಕೋಪ. ಹಾಳಾಗಿ ಹೋಗಲಿ ಎಂದುಕೊಂಡು ಬಟ್ಟೆ ಒಣಹಾಕಲು ಹೊರಟೆ. ವಾಪಸ್ಸು ಬರುವಷ್ಟರಲ್ಲಿ ಅಡುಗೆಮನೆಯೆಲ್ಲ ಹೊಗೆ. ಸಣ್ಣ ಬೀಜ ಸುಟ್ಟು ಕರಕಲಾಗಿತ್ತು, ದಪ್ಪದ್ದು ಇನ್ನೂ ಅರೆಬರೆ. ನಾನು ಬಾಯಿ ತೆರೆಯುವ ಮೊದಲೇ ಅವರು ಬಾಣಲೆಯಿಂದ ತಲೆಯೆತ್ತಿದರು.

"ಇದನ್ನ ಯಾರು ಬೆರೆಸಿದ್ದು?"

ತಮಾಷೆಯಿರಬೇಕು ಎಂದು ಅವರ ಮುಖ ನೋಡಿದೆ. ಅಲ್ಲಿ ತಮಾಷೆಯಿರಲಿಲ್ಲ. ಹೋದ ವಾರ ನಮ್ಮ ಮನೆಯೆಂದು ಪಕ್ಕದ ಮನೆಯ ಗೇಟು ತೆಗೆದು ಒಳಗೆ ಹೋಗಿದ್ದರು. ಆಗ ನಾನು ಬಿದ್ದು ಬಿದ್ದು ನಕ್ಕಿದ್ದೆ.

"ನಾನೇ" ಎಂದೆ.

ಅವರು ಬಾಯ್ತುಂಬ ಬೈದರು. ಒಂದಕ್ಕೆ ಹತ್ತು ಮಾತಾಡುವ ನಾನು ಕರಕಲು ಬೀಜ ಹೆಕ್ಕುತ್ತ ಕೂತೆ. ನಾಳೆ ಅಂಗಡಿಯಲ್ಲಿ ಮಾಲೀಕರು ಇದೇ ಪ್ರಶ್ನೆ ಕೇಳಿದರೆ, ನಾನೇ ಎನ್ನಲು ಅಲ್ಲಿ ನಾನಿರುವುದಿಲ್ಲ.