ಟ್ಯಾಂಕಣ್ಣ ತೊಳೆದ ಹಸಿರು

ಮಂಡಿಗೆ ಕೈ ಊರಿಕೊಂಡು ಮೀನಕ್ಕ ತಾರಸಿಯ ಕೊನೆಯ ಮೆಟ್ಟಿಲು ಹತ್ತಿದಳು. ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ ಮುಗಿಸಿ ಬಂದಿದ್ದಳು. ಒದ್ದೆ ಹೊದಿಕೆಗಳನ್ನು ಎತ್ತಿ ಎತ್ತಿ ತೋಳೆರಡೂ ತನ್ನವಲ್ಲ ಅನ್ನುವಂತಾಗಿದ್ದವು. ತಾರಸಿಯ ಮೇಲೆ ಗಾಜಿನ ತೊಟ್ಟಿಯ ಮೀನು ಸಾಕುತ್ತಿದ್ದುದರಿಂದ ಬೀದಿಯವರು ಅವಳಿಗೆ ಮೀನಕ್ಕ ಅಂತಲೂ, ಮನೆಮನೆಯ ನೀರಿನ ಟ್ಯಾಂಕಿ ತೊಳೆಯುವ ಗಂಡನಿಗೆ ಟ್ಯಾಂಕಣ್ಣ ಅಂತಲೂ ಹೆಸರಿಟ್ಟುಬಿಟ್ಟಿದ್ದರು. ನಿಜವಾದ ಹೆಸರು ಈಗ ಅವರಿಗೇ ಮರೆತಂತಿತ್ತು.

ಮೇಲೆ ಬಂದು ನೋಡಿದರೆ ಟ್ಯಾಂಕಣ್ಣ ಪಂಚೆ ಮೇಲೆ ಕಟ್ಟಿ, ಕೈಯಲ್ಲಿ ಬ್ರಷ್ ಹಿಡಿದು, ಬಹುಮಾನ ಗೆದ್ದವನ ಹಾಗೆ ನಿಂತಿದ್ದ.

"ನೋಡು ಇವಳೇ! ನೀನು ಬರೋದ್ರೊಳಗೆ ಫಳಫಳ ಅನ್ನಿಸಿಬಿಟ್ಟಿದ್ದೀನಿ. ಮುಖ ನೋಡ್ಕೊಂಡು ತಲೆ ಬಾಚ್ಕೋಬಹುದು."

ಮೂಲೆಯ ದೊಡ್ಡ ತೊಟ್ಟಿ ಬೋಳು ಬೋಳಾಗಿ ಹೊಳೆಯುತ್ತಿತ್ತು. ವಾರಗಟ್ಟಲೆ ಬಿಸಿಲಲ್ಲಿ ಕಾಯಿಸಿ ಕಾಯಿಸಿ ಅವಳು ಹದಕ್ಕೆ ತಂದಿದ್ದ ಪಾಚಿಯ ಹಸಿರು ನೀರು ತೂಬಿನ ಸುತ್ತ ಒಂದು ಗೆರೆಯಾಗಿ ಉಳಿದಿತ್ತು, ಅಷ್ಟೇ.

ಮೀನಕ್ಕ ಅಲ್ಲೇ ಕುಸಿದು ಕೂತಳು. ಜಗಳವಾಡೋಕೂ ಮೈಯಲ್ಲಿ ಕಸುವು ಬೇಕಲ್ಲ!

"ಏನಾಯ್ತೇ? ನಿನಗೆ ಒಂದು ಕೆಲಸ ಕಮ್ಮಿ ಆಗ್ಲಿ ಅಂತ ತೊಳೆದೆ."

"ನೀವು ತೊಳೆದಿದ್ದು ಕೊಳೆ ಅಲ್ಲ ರೀ. ಊಟ."

ಟ್ಯಾಂಕಣ್ಣ ಬ್ರಷ್ಷನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

ಅವಳು ಸಾಕಿದ್ದ ಒಂದು ಜಾತಿಯ ಮೀನು ಅವಳ ಕೈಯಲ್ಲಿ ಹಿಂದೆ ಎರಡು ಸಲ ಮೊಟ್ಟೆಯಿಟ್ಟಿತ್ತು. ಎರಡು ಸಲವೂ ಮರಿಗಳು ಹೊಟ್ಟೆಗಿಲ್ಲದೆ ಸತ್ತು ತಳ ಸೇರಿದ್ದವು. ಈ ಸಲ ನಿನ್ನೆಯಷ್ಟೇ ಒಡೆದು ಬಂದಿದ್ದವು, ಕಣ್ಣು ಬಿಟ್ಟ ದಾರದ ಎಳೆಗಳ ಹಾಗೆ. "ಇವೂ ಹೋದ್ರೆ ತೊಟ್ಟಿಯೆಲ್ಲ ಕವುಚಿ ಹಾಕ್ತೀನಿ. ನನ್ನ ಕೈಲಿನ್ನು ಆಗಲ್ಲ" ಅಂದಿದ್ದಳು. ಅವಳು ಸುಮ್ಮನೆ ಹೇಳುವವಳಲ್ಲ ಅನ್ನೋದು ಅವನಿಗೂ ಗೊತ್ತಿತ್ತು.

"ಮರಿಗಳು ಮೊಟ್ಟೆಯಿಂದ ಹೊಟ್ಟೆಯಲ್ಲೇ ಕಟ್ಕೊಂಡು ಬಂದ ಬುತ್ತಿ ನಾಳೆಗೆ ಮುಗಿಯುತ್ತೆ," ಅಂದಳು. "ಆಮೇಲೆ ತಿನ್ನೋಕೆ ನೀರುಚಿಗಟದ ಮರಿ ಬೇಕು, ಆ ಟಬ್ಬಿನಲ್ಲಿ ಕುಪ್ಪಳಿಸೋ ಸಣ್ಣ ಹುಳದ್ದು. ಆ ಚಿಗಟಕ್ಕೆ ಹಸಿರು ನೀರು ಬೇಕು. ಹಸಿರಿಗೆ ಬಿಸಿಲು ಬೇಕು. ಮೀನುಮರಿ ಬಾಯಿ ತೆಕ್ಕೊಂಡು ಕೂತ್ರೆ ಬಿಸಿಲು ಹೊಟ್ಟೆಗಿಳಿಯುತ್ತಾ?"

"ಚಿಗಟದ ಟಬ್ ನಾನು ಮುಟ್ಟಿಲ್ಲಪ್ಪ. ಬಟ್ಟೆ ಮುಚ್ಚಿತ್ತು."

"ಅವಕ್ಕೆ ಹಾಕೋದೇನು? ನಿಮ್ಮ ಬ್ರಷ್ಷಾ?"

ಟ್ಯಾಂಕಣ್ಣ ತಲೆ ಎತ್ತಿ ನೋಡಿದ. ಸೂರ್ಯ ಮೋಡದ ಹಿಂದೆ ಮಸುಕಾಗಿದ್ದ. ಹೊಸದಾಗಿ ಹಸಿರು ಬೆಳೆಸೋಣ ಅಂದರೆ ಎಷ್ಟು ದಿನವೋ. ಬ್ರಷ್ಷಿನ ತುದಿಯಿಂದ ತಲೆ ಕೆರೆದುಕೊಂಡು ನಿಂತವನು ಇದ್ದಕ್ಕಿದ್ದಂತೆ, "ದರ್ಜಿ!" ಅಂದ. "ದರ್ಜಿಯ ಹಳೇ ಟ್ಯಾಂಕಿ! ಮುಚ್ಚಳ ಗಾಳಿಗೆ ಹಾರಿಹೋಗಿ ಎಷ್ಟೋ ಕಾಲ ಆಯ್ತು, ಒಳಗೆಲ್ಲ ಹಸಿರು. ತೊಳೀತೀನಿ ಅಂದಾಗೆಲ್ಲ 'ನಾಳೆ ನೋಡೋಣ' ಅಂತಾನೆ. ನೀನು ಕೂತಿರು, ನಾನು ತರ್ತೀನಿ."

"ನೀವು ಗೋಡೆಗಂಟಿದ ಲೋಳೆ ಕೆರೆದು ತರ್ತೀರ," ಅಂತ ಮೀನಕ್ಕ ಎದ್ದಳು. ಏಳುವಾಗ ಮಂಡಿ ಲಟಕ್ಕೆಂದಿತು.

ಎರಡೆರಡು ಬಕೆಟ್ ಹಿಡಿದು ಬಂದ ಗಂಡಹೆಂಡಿರನ್ನು ಕಂಡು ದರ್ಜಿ ಹೊಲಿಗೆ ಯಂತ್ರದಿಂದ ಕಾಲೆತ್ತಿದ.

"ಅಂತೂ ತೊಳೆಯೋಕೆ ಬಂದ್ಯಾ ಟ್ಯಾಂಕಣ್ಣ? ನಾಳೆ ನೋಡೋಣ ಕಣಯ್ಯ."

"ತೊಳೆಯೋಕಲ್ಲ. ಒಂದಿಷ್ಟು ಕೊಳೆ ಕೊಡ್ತೀಯಾ ಅಂತ ಕೇಳೋಕೆ ಬಂದೆ."

ದರ್ಜಿ ಬಾಯಲ್ಲಿದ್ದ ಗುಂಡುಸೂಜಿ ತೆಗೆದು ಮೀನಕ್ಕನ ಮುಖ ನೋಡಿದ. "ಅಕ್ಕಾ, ಇವನಿಗೆ ಬಿಸಿಲೇನಾದ್ರೂ ಬಡೀತಾ?"

"ಬಡಿದಿದ್ರೆ ಎಷ್ಟೋ ಚೆನ್ನಾಗಿತ್ತಣ್ಣ. ಇವರೇ ಹಸಿರಾಗಿರೋರು."

ಟ್ಯಾಂಕಿಯಲ್ಲಿ ಅವಳು ಲೋಟ ಅದ್ದಿ ಬೆಳಕಿಗೆ ಹಿಡಿದಳು. ಎಳೆ ಎಲೆಯ ಬಣ್ಣ. ಮೂಸಿದಳು, ಕೊಳೆತ ವಾಸನೆಯಿಲ್ಲ. ಬಕೆಟ್ ಮುಂದಕ್ಕೆ ತಳ್ಳಿದಳು.

ಹೊತ್ತು ತಂದ ನೀರನ್ನು ಬಟ್ಟೆಯಲ್ಲಿ ಸೋಸಿ, ಸೊಳ್ಳೆಮರಿಗಳನ್ನು ಬೇರೆ ಮಾಡಿ, ಒಂದಿಷ್ಟನ್ನು ಚಿಗಟದ ಟಬ್ಬಿಗೆ ಸುರಿದಳು. ಮಿಕ್ಕಿದ್ದು ತೊಳೆದ ತೊಟ್ಟಿಗೆ ಹೆಪ್ಪು ಹಾಕಿದ ಹಾಗೆ ಬಿತ್ತು.

"ಇಷ್ಟೇನಾ?" ಅಂದ ಟ್ಯಾಂಕಣ್ಣ ಭುಜ ಒತ್ತಿಕೊಳ್ಳುತ್ತ. "ಇಷ್ಟು ಹೊತ್ತಿದ್ದಕ್ಕೆ ಮರಿಗಳು ಗುಂಡುಗುಂಡಗಾಗ್ತವೆ ಬಿಡು."

"ಎಲ್ಲಿಂದ ಆಗ್ತವೆ? ಬಿದ್ದ ಬಿಸಿಲಲ್ಲಿ ಹಸಿರು ಹಿಡ್ಕೊಳ್ಳೋದೇ ಚೂರು. ಹಸಿರನ್ನ ತಿಂದ ಚಿಗಟ ಕುಪ್ಪಳಿಸಿ ಕುಪ್ಪಳಿಸಿ ಅದರಲ್ಲಿ ಮುಕ್ಕಾಲು ಮೂರು ವೀಸ ಕಳೆಯುತ್ತೆ. ಮೈಗೆ ಹತ್ತಿದ್ದಷ್ಟೇ ಮೀನಿಗೆ. ಮೀನು ಈಜೀ ಈಜೀ ಅದನ್ನೂ ಕಳೆಯುತ್ತೆ."

"ಮತ್ತೆ ಮಿಕ್ಕಿದ್ದೆಲ್ಲ ಎಲ್ಲಿ ಹೋಯ್ತೇ?"

"ಬದುಕಿರೋದಕ್ಕೇ ಹೋಯ್ತು ರೀ. ನಾನು ತಿಂದಿದ್ದೆಲ್ಲ ಆ ಒದ್ದೆ ಹೊದಿಕೆ ಎತ್ತೋದಕ್ಕೆ ಹೋಗಲ್ವಾ, ಹಾಗೇ. ಕೊನೆಗೆ ಬರಿ ಬಿಸಿಯಾಗಿ ಗಾಳಿಗೆ ಸೇರುತ್ತೆ. ವಾಪಸ್ ಬರಲ್ಲ. ಅದಕ್ಕೇ ದಿನಾ ಬೆಳಗಾಗಬೇಕು."

ಟ್ಯಾಂಕಣ್ಣ ಅವಳ ಕೈಯಿಂದ ಖಾಲಿ ಬಕೆಟ್ ಇಸಿದುಕೊಂಡ.

ಮರುದಿನ ಪಾಳಿ ಮುಗಿಸಿ ಬಂದವಳು ಚೀಲವನ್ನೂ ಇಳಿಸದೆ ಟಬ್ಬಿನ ಬಟ್ಟೆ ಎತ್ತಿದಳು. ನೀರು ತಿಳಿಯಾಗಿತ್ತು. ಚಿಗಟಗಳು ತಿಂದಿದ್ದವು. ಜರಡಿಯಲ್ಲಿ ದೊಡ್ಡವನ್ನು ತಡೆದು, ಅವುಗಳ ಪುಟ್ಟ ಮರಿಗಳನ್ನಷ್ಟೇ ಮೀನುಮರಿಯ ತೊಟ್ಟಿಗೆ ಬಿಟ್ಟು, ಅಂಚಿಗೆ ಗಲ್ಲ ಊರಿ ಕಾದಳು. ದಾರದಂಥ ಒಂದು ಮರಿ ಬಾಲ ಬಡಿದು ಮುಂದೆ ನುಗ್ಗಿತು. ಗಾಜಿನಂಥ ಅದರ ಹೊಟ್ಟೆಯೊಳಗೆ ಸಾಸಿವೆಗಿಂತ ಚಿಕ್ಕ ಚುಕ್ಕೆಯೊಂದು ಬಂದು ಕೂತಿತು. ಆಮೇಲೆ ಇನ್ನೊಂದರಲ್ಲಿ. ಆಮೇಲೆ ಪಕ್ಕದ ನಾಲ್ಕಾರರಲ್ಲಿ.

"ತಿಂದವಾ?" ಟ್ಯಾಂಕಣ್ಣ ಮೆಟ್ಟಿಲಿನಿಂದಲೇ ಕೇಳಿದ. ಮೇಲೆ ಬರೋಕೆ ಧೈರ್ಯ ಸಾಲದೆ ಅಲ್ಲೇ ನಿಂತಿದ್ದ.

"ತಿಂದವು. ತೊಟ್ಟಿ ಕವುಚಲ್ಲ, ಬನ್ನಿ."

ಅಷ್ಟು ಹೇಳಿ ಗೋಡೆಗೆ ಒರಗಿದವಳಿಗೆ ಕೂತಲ್ಲೇ ಜೊಂಪು ಹತ್ತಿತು. ಮೋಡ ಸರಿದು ಬಿಸಿಲು ಚುರುಕಾಗಿ ಅವಳ ಮುಖಕ್ಕೆ ಬಿತ್ತು. ಟ್ಯಾಂಕಣ್ಣ ಬಂದು ಅಡ್ಡ ನಿಂತ. ನೆರಳು ಹಸಿರಿನ ತೊಟ್ಟಿಯ ಮೇಲೆ ಚಾಚಿದ್ದು ಕಂಡು, ನಾಲಿಗೆ ಕಚ್ಚಿಕೊಂಡು, ಒಂದು ಹೆಜ್ಜೆ ಪಕ್ಕಕ್ಕೆ ಸರಿದ.