ಕಿವಿ ಮೇಸ್ತ್ರಿಯ ಮಗಳು

ಲಿಫ್ಟ್ ರಿಪೇರಿಯಲ್ಲಿ ಮೂವತ್ತು ವರ್ಷ ಸವೆಸಿದ ಅವನನ್ನು ಎಲ್ಲರೂ ಕರೆಯುತ್ತಿದ್ದುದೇ ಕಿವಿ ಮೇಸ್ತ್ರಿ ಎಂದು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಮೋಟಾರಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ ಕಣ್ಣು ಮುಚ್ಚಿದನೆಂದರೆ ಮುಗಿಯಿತು, ಒಳಗಿನ ಕಾಯಿಲೆ ಏನೆಂದು ಹೇಳಿಬಿಡುತ್ತಿದ್ದ. ಓದಿದ್ದು ಏಳನೇ ಕ್ಲಾಸು. ಅದನ್ನು ಹೇಳಿಕೊಳ್ಳುವಾಗ ಅವನ ಎದೆ ಗೇಣುದ್ದ ಉಬ್ಬುತ್ತಿತ್ತು.

ಇಂಥವನ ಮುಂದೆ ಮಗಳು ಇಂಜಿನಿಯರಿಂಗ್ ಸೀಟು ಸಿಕ್ಕಿದೆ ಎಂದರೆ ಕೇಳಬೇಕೇ! ಅಪ್ಪ, ಮಗಳು ಸೇರಿ ಸ್ವಂತ ವರ್ಕ್‌ಶಾಪ್ ಹಾಕಬೇಕೆಂದು ಹೊಟ್ಟೆಬಟ್ಟೆ ಕಟ್ಟಿ ಹಣ ಕೂಡಿಟ್ಟಿದ್ದ. ಬೋರ್ಡು ಕೂಡ ಬರೆಸಿ ಮಂಚದ ಕೆಳಗಿಟ್ಟಿದ್ದ.

"ನಾಲ್ಕು ವರ್ಷ ಬೆಂಚು ಬಿಸಿ ಮಾಡೋಕೆ ಅಷ್ಟು ದುಡ್ಡಾ? ನನ್ನ ಜೊತೆ ಬಾ, ನಾಲ್ಕೇ ತಿಂಗಳಲ್ಲಿ ಕಲಿಸ್ತೀನಿ."

ಮಗಳು ಎದುರಾಡಲಿಲ್ಲ. ರಜೆಯೆಲ್ಲ ಟೂಲ್ಸ್ ಚೀಲ ಹೊತ್ತು ಅವನ ಹಿಂದೆ ಅಲೆದಳು. ಫೀಸು ಕಟ್ಟುವ ಕೊನೆಯ ದಿನವೂ ಬಂತು. ಸಂಜೆ ಐದಕ್ಕೆ ಕಾಲೇಜಿನ ಕೌಂಟರ್ ಮುಚ್ಚುತ್ತದೆಂದು ಗೊತ್ತಿದ್ದೂ, ಚೀಲ ಹೊತ್ತು ಅವನ ಜೊತೆ ಎಂಟು ಅಂತಸ್ತಿನ ಕಟ್ಟಡವೊಂದರ ತಾರಸಿಗೆ ಹೋದಳು.

ಲಿಫ್ಟ್ ಸುರಕ್ಷಿತವಾಗಿದೆ ಎಂಬ ಕಾಗದಕ್ಕೆ ಸಹಿ ಹಾಕಲು ಅಲ್ಲಿಗೆ ಎಳೆ ವಯಸ್ಸಿನ ಇಂಜಿನಿಯರ್ ಬಂದಿದ್ದ. ಮೇಸ್ತ್ರಿ ಅಲ್ಲಿದ್ದ ಮೋಟಾರಿಗೆ ಸ್ಕ್ರೂಡ್ರೈವರ್ ಒತ್ತಿ ಹಿಡಿಗೆ ಕಿವಿಯಿಟ್ಟ.

"ಏನೂ ತೊಂದರೆ ಇಲ್ಲ, ಹಾಕಿ ಸಾರ್."

ಮಗಳು ತಾನೂ ಕಿವಿಯಿಟ್ಟಳು. "ಅಪ್ಪಾ, ಬೇರಿಂಗ್ ಹೋಗಿದೆ. ಸಣ್ಣಗೆ ಕೀರಲು ಸದ್ದು ಬರ್ತಿದೆ."

ಇಂಜಿನಿಯರ್ ನಕ್ಕ. "ನೀನು ಹೇಳಿದೆ ಅಂತ ಲಿಫ್ಟ್ ಹೇಗಮ್ಮಾ ನಿಲ್ಲಿಸಲಿ? ಹೇಳಿದ್ದು ಯಾರು ಅಂತ ಮೇಲಿನವರು ಕೇಳಿದರೆ ಏನು ಹೇಳಲಿ?"

ಮೇಸ್ತ್ರಿ ಮತ್ತೆ ಕೇಳಿ ನೋಡಿದ. ಆ ಕೀರಲು ಸದ್ದು ಅವನಿಗೆ ಕೇಳಿಸಲೇ ಇಲ್ಲ. ಬಾಗಿಲ ಗಂಟೆ ಕೇಳಿಸಲ್ವಾ ಎಂದು ಹೆಂಡತಿ ಎರಡು ತಿಂಗಳಿಂದ ಬೈಯುತ್ತಿದ್ದಳು. ಗಂಟೆಯೇ ಕೆಟ್ಟಿದೆಯೆಂದು ಈ ಮಹಾರಾಯ ಎರಡು ಸಲ ಅದನ್ನೇ ಬದಲಿಸಿದ್ದ.

"ಪೆನ್ನು ಒಳಗಿಡಿ ಸಾರ್. ಬಿಚ್ಚಿ ನೋಡೋಣ."

ಬಿಚ್ಚಿದರೆ, ಬೇರಿಂಗಿನ ಗುಂಡುಗಳು ಸವೆದು ಕಪ್ಪಾಗಿದ್ದವು. ಇಂಜಿನಿಯರ್ ಮೇಸ್ತ್ರಿಯ ಕೈ ಕುಲುಕಿದ. "ನಿಮ್ಮ ಅನುಭವಕ್ಕೆ ಸಾಟಿ ಇಲ್ಲ ಬಿಡಿ."

"ಹೇಳಿದ್ದು ಅವಳು ಸಾರ್," ಎಂದ ಮೇಸ್ತ್ರಿ. ಇಂಜಿನಿಯರ್ ಆಗಲೇ ಫೋನಿನಲ್ಲಿ ಮಾತಾಡುತ್ತಿದ್ದ. ಮಗಳು ಕೈಯ ಗ್ರೀಸು ಒರೆಸಿಕೊಳ್ಳುತ್ತಿದ್ದಳು. ಅದನ್ನು ನೋಡಿ ಮೇಸ್ತ್ರಿ ಟೂಲ್ಸ್ ಚೀಲವನ್ನು ತಾನೇ ಹೆಗಲಿಗೇರಿಸಿದ.

ನಿಲ್ಲಿಸಿದ ಲಿಫ್ಟ್ ಬಿಟ್ಟು ಇಬ್ಬರೂ ಮೆಟ್ಟಿಲಿಳಿದರು. ನಾಲ್ಕನೇ ಅಂತಸ್ತಿನಲ್ಲಿ ಅವನು ನಿಂತ.

"ನನ್ನ ಮಾತು ಜನ ನಂಬೋಕೆ ಇಪ್ಪತ್ತು ವರ್ಷ ಹಿಡೀತು ಕಣಮ್ಮಾ. ನೀನು ಅಷ್ಟು ಕಾಯೋದು ಬೇಡ. ನಡಿ, ಕೌಂಟರ್ ಮುಚ್ಚೋಕೆ ಮುಂಚೆ ಫೀಸು ಕಟ್ಟಿ ಬರೋಣ."

ಮಗಳು ಮೆಲ್ಲಗೆ ಏನೋ ಕೇಳಿದಳು.

"ಈ ಕಡೆ ಬಂದು ಹೇಳು," ಎಂದ ಮೇಸ್ತ್ರಿ, ಮೊದಲ ಸಲ. "ಆ ಕಿವಿಗಿಂತ ಇದು ಸ್ವಲ್ಪ ವಾಸಿ."

ಅವಳು ಪಕ್ಕ ಬದಲಿಸಿದಳು. "ನಮ್ಮ ವರ್ಕ್‌ಶಾಪ್ ಅಪ್ಪಾ?"

"ಬೋರ್ಡಿಗೆ ಒಳ್ಳೇ ಬಣ್ಣ ಹಾಕಿಸಿದ್ದೀನಿ. ನಾಲ್ಕು ವರ್ಷ ಏನೂ ಆಗಲ್ಲ."