ಒಂದು ಪುಟಕ್ಕೆ ಹತ್ತೊಂಬತ್ತು ತಪ್ಪು

ಸತ್ತೆಮ್ಮೆಗೆ ಹಾಲು ಹೆಚ್ಚು ಎಂಬ ಗಾದೆ ಕಟ್ಟಿದವನು ಒಂದಲ್ಲ ಒಂದು ಸಂಸ್ಮರಣ ಗ್ರಂಥದ ಕರಡು ತಿದ್ದಿಯೇ ಇರಬೇಕು ಎಂದು ಕೊಂಬುದೀರ್ಘನಿಗೆ ಖಾತ್ರಿಯಾಗಿತ್ತು. ಅಚ್ಚುಕೂಟದ ಹಿಂದಿನ ಕೋಣೆಯಲ್ಲಿ ಕಾಗದದ ಬಂಡಲುಗಳಿಗೆ ಬೆನ್ನು ಕೊಟ್ಟು ಬೆಳಗಿನಿಂದ ಕೂತಿದ್ದ. ನಲವತ್ತೆರಡು ಲೇಖನ ಮುಗಿದಿದ್ದವು, ಒಂದು ಉಳಿದಿತ್ತು. ಅವನ ತಾಳ್ಮೆ ಮಾತ್ರ ಏಳನೆಯ ಲೇಖನಕ್ಕೇ ಮುಗಿದಿತ್ತು.

ಕೊಂಬುದೀರ್ಘ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರೇನಲ್ಲ. ಪತ್ರಿಕೆಯೊಂದರಲ್ಲಿ ನಲವತ್ತು ವರ್ಷ ಕರಡು ತಿದ್ದಿ ನಿವೃತ್ತನಾದವನು. ಆಮೇಲೂ ಚಟ ಬಿಡಲಿಲ್ಲ. ಮದುವೆಯ ಕಾಗದವಿರಲಿ, ಅಂಗಡಿಯ ಬೋರ್ಡಿರಲಿ, ಇಲ್ಲಿ ಕೊಂಬು ಬಿಟ್ಟಿದೆ, ಅಲ್ಲಿ ದೀರ್ಘ ತಪ್ಪಿದೆ ಎಂದು ತಕರಾರು ತೆಗೆಯುತ್ತಿದ್ದ. ಜನ ರೋಸಿಹೋಗಿ ಆ ಹೆಸರನ್ನು ಅಂಟಿಸಿದ್ದರು, ಅದು ಅಂಟಿಕೊಂಡೇ ಉಳಿಯಿತು.

ಗ್ರಂಥ ಅವನ ಸ್ವಂತ ಅಕ್ಕನ ನೆನಪಿನದು. ಎಂಟು ತಿಂಗಳ ಹಿಂದೆ ತೀರಿಕೊಂಡ ಅಕ್ಕ, ಟೀಚರಾಗಿದ್ದವಳು. ಬರೆದವರೆಲ್ಲ ಅವಳ ಹಳೆಯ ವಿದ್ಯಾರ್ಥಿಗಳು. ಇಪ್ಪತ್ತೊಂದು ಜನ ಅವಳನ್ನು ತಾನು ಉರಿದು ಬೆಳಕು ಕೊಟ್ಟ ಮೇಣದಬತ್ತಿ ಎಂದಿದ್ದರು. ಕರೆಂಟು ಹೋದರೆ, ಮೇಣದಬತ್ತಿ ಹಚ್ಚಿ ಕಣ್ಣು ಹಾಳುಮಾಡಿಕೊಳ್ಳಬೇಡಿ, ಎದ್ದು ಮನೆಗೆ ಹೋಗಿ ಎಂದು ಗದರುತ್ತಿದ್ದವಳು ಅವಳು. ಇನ್ನು ಹದಿನಾಲ್ಕು ಜನರಿಗೆ ಸುರಿಯುವ ಮಳೆಯಲ್ಲಿ ತನ್ನ ಕೊಡೆ ಕೊಟ್ಟು ತಾನು ನೆನೆದುಕೊಂಡು ಹೋಗಿದ್ದಳಂತೆ. ಅಕ್ಕ ತಮ್ಮ ಇದ್ದ ಮನೆಯಲ್ಲಿದ್ದದ್ದು ಒಂದೇ ಕೊಡೆ, ಅದು ಅವನದು. ಹದಿನಾಲ್ಕು ಸಲ ನೆನೆದವನು ನಾನು ಎಂದು ಅಂಚಿನಲ್ಲಿ ಬರೆಯಲು ಕೈ ತುರಿಸಿತು, ಬರೆಯಲಿಲ್ಲ.

ಇದನ್ನೆಲ್ಲ ಹೇಗೋ ನುಂಗಿಕೊಳ್ಳಬಹುದಿತ್ತು. ನುಂಗಲಾಗದ್ದು ಅಕ್ಕ ಎಂಬ ಮಾತು. ಪುಟಪುಟಕ್ಕೂ ಅಕ್ಕ, ನಮ್ಮಕ್ಕ, ಎಲ್ಲರ ಅಕ್ಕ. ಗ್ರಂಥ ಸಮಿತಿಯ ಅಧ್ಯಕ್ಷರಾದ ವಕೀಲರಂತೂ ಎರಡು ಪುಟದಲ್ಲಿ ಮೂವತ್ತು ಸಲ ಅಕ್ಕ ಎಂದು ಕರೆದಿದ್ದರು. ಅವಳೊಂದಿಗೆ ಒಂದೇ ಹೊಟ್ಟೆಯಲ್ಲಿ ಹುಟ್ಟಿದವನು ಇವನೊಬ್ಬ. ಅಮ್ಮ ಹೋದಾಗ ಇವನಿಗೆ ಆರು, ಅವಳಿಗೆ ಹದಿನೈದು. ಇವನ ತಲೆ ಬಾಚಿ, ಅಂಗಿಯ ಗುಂಡಿ ಹಾಕಿ ಶಾಲೆಗೆ ಅಟ್ಟಿದವಳು ಅವಳು. ಆ ಮಾತು ಇವನದಾಗಿತ್ತು. ಒಬ್ಬರೂ ಕೇಳದೆ ಊರೆಲ್ಲ ಎತ್ತಿಕೊಂಡು ಹೋಯಿತು. ಎಪ್ಪತ್ತೆರಡರ ಮುದುಕನಿಗೆ ಇದೆಂಥ ಹೊಟ್ಟೆಕಿಚ್ಚು ಎಂದು ಯಾರಾದರೂ ಕೇಳಬಹುದು, ಕಿಚ್ಚಂತೂ ಇತ್ತು.

ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಒಮ್ಮೆ ಅವಳ ಮುಖಕ್ಕೇ ಅಂದಿದ್ದ. ಹಾಗಾದರೆ ಮಾರಿ ಮಾಡಿದ ಅಡುಗೆ ಉಂಡು ಏಳು ಎಂದು ಅವಳು ನಕ್ಕಿದ್ದಳು. ಹಗಲು ಮಕ್ಕಳಿಗೆ ಪಾಠ. ಸಂಜೆಯಾದರೆ ಶಾಲೆಯ ಹಿಂದಿನ ಕೋಣೆಯಲ್ಲಿ ಕಸ ಗುಡಿಸುವವರಿಗೆ, ಬಟ್ಟೆ ಒಗೆಯುವವರಿಗೆ, ಮನೆಗೆಲಸದವರಿಗೆ ಅಕ್ಷರ. ಅಂಥವರಿಗೆ ಬೆಂಚು ಯಾಕೆ, ನೆಲ ಸಾಕು ಎಂದು ಆಡಳಿತದವರು ಹಟ ಹಿಡಿದಾಗ, ಅವಳು ಹಗಲಿನ ಪಾಠವನ್ನೂ ನೆಲದ ಮೇಲೆ ಕೂತೇ ಮಾಡಿದಳು. ಇನ್‌ಸ್ಪೆಕ್ಟರ್ ಬಂದಾಗಲೂ ಏಳಲಿಲ್ಲ. ಮೂರನೆಯ ವಾರಕ್ಕೆ ಬೆಂಚು ಬಂತು, ನಾಲ್ಕನೆಯ ವಾರಕ್ಕೆ ಅವಳಿಗೆ ವರ್ಗದ ಆದೇಶವೂ ಬಂತು. ಆಮೇಲೆ ಊರಿನ ಆ ತುದಿಯ ಶಾಲೆಯಿಂದ ಈ ತುದಿಯ ಕೋಣೆಗೆ ದಿನವೂ ನಡೆದು ಬಂದಳು.

ಆಸ್ಪತ್ರೆಯ ಲಾಂಡ್ರಿಯ ಗೋಡೆಗೆ ಹನ್ನೊಂದು ವರ್ಷದಿಂದ ಒಂದು ಕಾಗದ ಅಂಟಿಕೊಂಡಿತ್ತು. ಅವಳ ಸಂಜೆ ಕ್ಲಾಸಿನ ಹೆಂಗಸರು ಒಂದು ದಿನ ಅದನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದರು. ಎಂಟು ಗಂಟೆಗಿಂತ ಹೆಚ್ಚು ಹೊತ್ತು ಕೆಲಸ ಮಾಡಿಸುವಂತಿಲ್ಲ ಎಂದಿತ್ತು. ಓದಿ, ಗಡಿಯಾರ ನೋಡಿ, ಒದ್ದೆ ಬಟ್ಟೆಗಳನ್ನು ಇದ್ದಲ್ಲೇ ಬಿಟ್ಟು ಎಲ್ಲರೂ ಒಟ್ಟಿಗೆ ಮನೆಗೆ ಹೋದರು. ಈ ಸಂಗತಿ ನಲವತ್ತೆರಡು ಲೇಖನಗಳಲ್ಲಿ ಒಂದರಲ್ಲೂ ಇರಲಿಲ್ಲ. ಎಲ್ಲರೂ ಮೇಣದಬತ್ತಿ ಹಚ್ಚುವುದರಲ್ಲೇ ಮಗ್ನರಾಗಿದ್ದರು.

ನಲವತ್ತಮೂರನೆಯದು ಒಂದೇ ಪುಟ. ಬರೆದವಳು ಅದೇ ಲಾಂಡ್ರಿಯ ಇಸ್ತ್ರಿಯಮ್ಮ. ಅಕ್ಷರ ಜೋಡಿಸುವ ಹೆಂಗಸು ಅದನ್ನು ಮುಂದಿಡುವಾಗ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು. ಎಲ್ಲೆಲ್ಲಿ ಅಕ್ಕ ಇರಬೇಕೋ ಅಲ್ಲೆಲ್ಲ ಹಕ್ಕ ಎಂದಿತ್ತು. ನಮ್ಮ ಹಕ್ಕ ಬೈದರು, ಹಕ್ಕ ಕಲಿಸಿದರು, ಹಕ್ಕ ಇಲ್ಲದಿದ್ದರೆ ನಾನಿಲ್ಲ. ಬೇಡದ ಕಡೆ ಹಕಾರ ಹಾಕುವುದು, ಬೇಕಾದ ಕಡೆ ನುಂಗುವುದು ನಮ್ಮ ಜನರ ನಾಲಗೆಗೆ ಹಳೆಯ ರೂಢಿ. ಹಾಲು ಆಲಾಗುತ್ತದೆ, ಆಸ್ಪತ್ರೆ ಹಾಸ್ಪತ್ರೆಯಾಗುತ್ತದೆ. ಕೇಳಿದವರು, ಓಹೋ ಇವರು ಇಂಥವರು ಎಂದು ಒಂದೇ ಮಾತಿಗೆ ಆಳನ್ನು ಅಳೆದುಬಿಡುತ್ತಾರೆ.

ಕೊಂಬುದೀರ್ಘ ಎಣಿಸಿದ. ಹತ್ತೊಂಬತ್ತು ಹಕ್ಕ. ಕೆಂಪು ಪೆನ್ನಿನ ಮುಚ್ಚಳ ತೆಗೆದು ಮೊದಲನೆಯದರ ಮೇಲೆ ಇನ್ನೇನು ಗೆರೆ ಎಳೆಯಬೇಕು, ಅಷ್ಟರಲ್ಲಿ ಕಣ್ಣು ಕೆಳಗಿನ ಸಾಲಿಗೆ ಹೋಯಿತು.

‘ಒಂದು ದಿನ ಯಾರೋ ಬಂದು ನನ್ನ ಪುಸ್ತಕದ ತುಂಬ ಕೆಂಪು ಗೆರೆ ಎಳೆದರು. ನಾಚಿಕೆ ಆಗಿ ಎರಡು ವರ್ಷ ಕ್ಲಾಸಿಗೆ ಓಗಲಿಲ್ಲ. ಹಕ್ಕ ಪ್ರತಿ ಬಾನುವಾರ ಬಂದು ನಮ್ಮ ಬಾಗಿಲಲ್ಲಿ ಕೂತರು.’

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ, ಅವನ ಕೈ ಪೆನ್ನನ್ನು ತಾನಾಗಿ ಕೆಳಗಿಟ್ಟಿತು.

ಮೂವತ್ತೈದು ವರ್ಷದ ಹಿಂದಿನ ಮಾತು. ಅಕ್ಕನಿಗೆ ಜ್ವರ ಬಂದಾಗ ಎರಡು ದಿನ ಸಂಜೆ ಕ್ಲಾಸು ನೋಡಿಕೊಂಡವನು ಇವನು. ಪುಸ್ತಕಗಳನ್ನೆಲ್ಲ ಪತ್ರಿಕೆಯ ಕರಡು ತಿದ್ದುವ ಹಾಗೆ ತಿದ್ದಿದ್ದ. ಹಕ್ಕ ಎಂದು ಬರೆದಿದ್ದ ಒಂದು ಪುಸ್ತಕದ ಅಡಿಯಲ್ಲಿ ‘ಇಷ್ಟೂ ಬಾರದೆ?’ ಎಂದೂ ಗೀಚಿದ್ದ. ಮೂರನೆಯ ದಿನ ಅಕ್ಕ ಹೋದರೆ ಆರು ಜನ ಬಂದಿರಲಿಲ್ಲ. ಅವಳು ಬೈಯಲಿಲ್ಲ. ಇವನ ಜೇಬಿನಿಂದ ಕೆಂಪು ಪೆನ್ನು ಎತ್ತಿ ತನ್ನ ಚೀಲಕ್ಕೆ ಹಾಕಿಕೊಂಡು, ನೀನು ಕಾಗದ ತಿದ್ದಿಕೋ, ಜನರನ್ನು ನನಗೆ ಬಿಡು ಎಂದಳು. ಐವರು ವಾರದೊಳಗೆ ಮರಳಿ ಬಂದರು ಎಂದು ಗೊತ್ತಿತ್ತು. ಆರನೆಯವಳ ವಿಷಯ ಇವನು ಕೇಳಲೇ ಇಲ್ಲ. ಆದರೆ ಆ ಎರಡು ವರ್ಷ ಅಕ್ಕ ಭಾನುವಾರವೂ ಮನೆಯಲ್ಲಿರುವುದಿಲ್ಲ ಎಂದು ತಟ್ಟೆ ಕುಕ್ಕಿದ್ದು ಮಾತ್ರ ಚೆನ್ನಾಗಿ ನೆನಪಿತ್ತು. ಅವಳು ಯಾವ ಬಾಗಿಲಲ್ಲಿ ಕೂರಲು ಹೋಗುತ್ತಿದ್ದಳು ಎಂಬುದು ಈಗ ತಿಳಿಯಿತು. ಸತ್ತ ಮೇಲೂ ನನಗೆ ಹೋಂವರ್ಕ್ ಕೊಡುತ್ತಿದ್ದೀಯಲ್ಲ ಎಂದು ಅವಳ ಮೇಲೆ ರೇಗಿದ.

ಅದೇ ಹೊತ್ತಿಗೆ ಅಧ್ಯಕ್ಷರ ಫೋನು. ಅಚ್ಚಿಗೆ ನಾಳೆಯೇ ಹೋಗಬೇಕು, ಭಾನುವಾರ ಬಿಡುಗಡೆ. ಆ ಕೊನೆಯ ಪುಟದ ಸುದ್ದಿ ಅವರಿಗೆ ಆಗಲೇ ಮುಟ್ಟಿತ್ತು. ಒಂದೋ ಪೂರ್ತಿ ತಿದ್ದಿ, ಇಲ್ಲವೇ ತೆಗೆದುಹಾಕಿ, ಜನ ನಗುತ್ತಾರೆ ಎಂದರು. ಜಾಗ ಖಾಲಿ ಬಿದ್ದರೆ ಚಿಂತೆಯಿಲ್ಲವಂತೆ, ಅಕ್ಕನ ಪಕ್ಕ ತಾವು ನಿಂತಿರುವ ಫೋಟೋ ಇದೆಯಂತೆ.

ತೆಗೆದರೆ ಇಡೀ ಗ್ರಂಥದಲ್ಲಿ ನಿಜವಾಗಿದ್ದ ಒಂದೇ ಪುಟ ಹೋಗುತ್ತದೆ. ಬಿಟ್ಟರೆ ಆಕೆ ಊರಿಗೆಲ್ಲ ನಗೆಪಾಟಲು. ತಿದ್ದಿದರೆ ಮತ್ತೆ ಅದೇ ಪುಸ್ತಕ, ಅದೇ ಗೆರೆ. ತಲೆ ಚಿಟ್ಟುಹಿಡಿದು, ಪುಟವನ್ನು ಮಡಿಸಿ ಜೇಬಿಗಿಟ್ಟುಕೊಂಡು ಆಸ್ಪತ್ರೆಯ ಕಡೆ ಹೊರಟ. ನಲವತ್ತು ವರ್ಷದಲ್ಲಿ ಬರೆದವರ ಹತ್ತಿರ ಹೋಗಿ, ತಿದ್ದಲೇ ಎಂದು ಅವನು ಒಮ್ಮೆಯೂ ಕೇಳಿದವನಲ್ಲ.

ಲಾಂಡ್ರಿ ನೆಲಮಾಳಿಗೆಯಲ್ಲಿತ್ತು. ಬಿಸಿ ಹಬೆ, ಸೋಪಿನ ವಾಸನೆ, ಗುಡುಗುಟ್ಟುವ ಯಂತ್ರಗಳು. ಇಸ್ತ್ರಿಯಮ್ಮ ಉದ್ದನೆಯ ಮೇಜಿನ ಮುಂದೆ ಬಿಳಿ ಹಾಸುಗಳನ್ನು ಮಡಿಸುತ್ತಿದ್ದಳು. ಅರವತ್ತು ದಾಟಿದ, ತೆಳ್ಳನೆಯ, ನೆಟ್ಟಗೆ ನಿಲ್ಲುವ ಹೆಂಗಸು. ಅವನನ್ನು ನೋಡಿದವಳೇ ಕೈ ಒರೆಸಿಕೊಂಡು, ಕೂರಲು ಬಟ್ಟೆಯ ಬುಟ್ಟಿಯೊಂದನ್ನು ಮಗುಚಿ ಹಾಕಿದಳು. ಅವನು ಪುಟ ತೆಗೆದು, ಇಲ್ಲಿ ಕೆಲವು ಸಣ್ಣಪುಟ್ಟ ತಪ್ಪುಗಳಿವೆ ಎಂದು ತಡವರಿಸಿದ.

“ತಿದ್ದಿ ಸಾರ್. ಎಲ್ಲಾ ತಿದ್ದಿ,” ಎಂದಳು ಆಕೆ. “ಈಗೇನು ನಾಚಿಕೆ ಇಲ್ಲ. ಆ ಹಕ್ಕ ಒಂದು ಬಿಟ್ಟು.”

“ಅದು ಅಕ್ಕ ಅಲ್ವೇನಮ್ಮ?”

“ಗೊತ್ತು ಸಾರ್. ಅ, ಅಕ್ಕ. ಮೊದಲನೇ ವಾರಾನೇ ಕಲಿಸಿದ್ರು.”

ಗೊತ್ತಿದ್ದೂ ಹತ್ತೊಂಬತ್ತು ಸಲ ತಪ್ಪು ಬರೆಯುವವರನ್ನು ಅವನು ಜೀವಮಾನದಲ್ಲಿ ಕಂಡಿರಲಿಲ್ಲ. ಆಕೆ ನಿಧಾನವಾಗಿ ಹೇಳಿದಳು. ಎರಡು ವರ್ಷ ಬಿಟ್ಟು ಕ್ಲಾಸಿಗೆ ಮರಳಿದ ಮೇಲೆ ಹಟ ಹಿಡಿದು ಕಲಿತಳಂತೆ. ಒಂದು ಸಂಜೆ ಪುಟದ ತುಂಬ ಅಕ್ಕ, ಅಕ್ಕ ಎಂದು ಒಂದೂ ತಪ್ಪಿಲ್ಲದೆ ಬರೆದು ಟೀಚರಿಗೆ ತೋರಿಸಿದಳಂತೆ.

“ನೋಡಿ ನಕ್ಕುಬಿಟ್ರು ಸಾರ್. ‘ಈ ಅಕ್ಕ ನನ್ನ ತಮ್ಮಂದು ಕಣೇ. ಊರೆಲ್ಲ ಎತ್ಕೊಂಡ್ರು ಅಂತ ಅವನಿಗೆ ಹೊಟ್ಟೆ ಉರಿ. ನೀನೊಬ್ಬಳಾದ್ರೂ ಅವನಿಗೆ ಬಿಟ್ಕೊಡು. ನಿನ್ನ ಹಕ್ಕ ನಿನಗಿರಲಿ’ ಅಂದ್ರು. ಆವತ್ತಿಂದ ಹಾಗೇ ಬರೀತೀನಿ.”

ಕೊಂಬುದೀರ್ಘನಿಗೆ ಮೊದಲು ಬಂದದ್ದು ಕೋಪ. ತಮ್ಮನ ಹೊಟ್ಟೆಕಿಚ್ಚನ್ನು ಲಾಂಡ್ರಿಯವರ ಮುಂದೆಲ್ಲ ಹೇಳಿಕೊಂಡು, ತಮ್ಮನಿಗೆ ಮಾತ್ರ ಒಂದು ಮಾತು ಹೇಳಲಿಲ್ಲವಲ್ಲ. ಗೊತ್ತಿತ್ತು ಅವಳಿಗೆ, ಎಲ್ಲ ಗೊತ್ತಿತ್ತು. ಆಮೇಲೆ ಆ ಕೋಪ ಎಲ್ಲೋ ಹೋಯಿತು. ಎಂಟು ತಿಂಗಳಲ್ಲಿ ಮೊದಲ ಸಲ ಅಕ್ಕ ಬೇಕು ಎನ್ನಿಸಿತು, ಆರು ವರ್ಷದವನಿಗೆ ಬೇಕಾದ ಹಾಗೆ.

ಆಕೆ ಅವನ ಮುಖ ನೋಡಲಿಲ್ಲ. ಹಾಸಿನ ಒಂದು ತುದಿಯನ್ನು ಅವನ ಕೈಗೆ ಕೊಟ್ಟು, ಹಿಡ್ಕೊಳ್ಳಿ ಎಂದಳು. ಇಬ್ಬರೂ ಎಳೆದು, ಮಡಿಸಿ, ಮತ್ತೆ ಮಡಿಸಿದರು. ಅವನ ಅಂಚು ಕೂಡಲಿಲ್ಲ. ಆಕೆ ಬಿಚ್ಚಿ ಇನ್ನೊಮ್ಮೆ ಕೊಟ್ಟಳು.

“ಆ ಕೆಂಪು ಗೆರೆ ಎಳೆದದ್ದು ಯಾರು ಅಂತ ಗೊತ್ತಾ ನಿಮಗೆ?” ಎಂದು ಕೇಳಿದ.

“ಗೊತ್ತಿಲ್ದೆ ಏನು ಸಾರ್. ಹಕ್ಕನ ಪುಸ್ತಕ, ಅದರಲ್ಲಿ ನಿಮ್ಮನ್ನ ಯಾಕೆ ಎಳೀಲಿ ಅಂತ ಯಾರೋ ಅಂತ ಹಾಕ್ದೆ.”

“ಅದು ತಪ್ಪು. ತಿದ್ದಬಹುದಾ?”

“ತಿದ್ದೋರು ನೀವೇ ತಾನೇ,” ಎಂದು ಆಕೆ ಮುಂದಿನ ಹಾಸು ಎತ್ತಿಕೊಂಡಳು.

ಅಚ್ಚುಕೂಟಕ್ಕೆ ಮರಳಿ ಬಂದವನು ಪುಟವನ್ನು ಮೇಜಿನ ಮೇಲೆ ಹರವಿದ. ಓಗಲಿಲ್ಲ ಎಂಬುದನ್ನು ಹೋಗಲಿಲ್ಲ ಮಾಡಿದ, ಬಾನುವಾರಕ್ಕೆ ಮಹಾಪ್ರಾಣದ ಬಾಲ ಸೇರಿಸಿದ. ಹಕ್ಕಗಳ ಹತ್ತಿರ ಬಂದಾಗ ಗೆರೆ ಎಳೆಯಲಿಲ್ಲ. ತಿದ್ದಬಾರದ ಮಾತಿನ ಅಡಿಯಲ್ಲಿ ಚುಕ್ಕಿಗಳನ್ನಿಟ್ಟು ಅಂಚಿನಲ್ಲಿ ‘ಇರಲಿ’ ಎಂದು ಬರೆಯುವುದು ಅವನ ಕಸುಬಿನ ಪದ್ಧತಿ. ವೃತ್ತಿಯಲ್ಲಿ ಅದನ್ನು ಅವನು ಬಳಸಿದ್ದು ಬೆರಳೆಣಿಕೆಯಷ್ಟು ಸಲ. ಈಗ ಒಂದೇ ಪುಟದಲ್ಲಿ ಹತ್ತೊಂಬತ್ತು ಸಲ ಬರೆದ.

ಅಧ್ಯಕ್ಷರು ಮತ್ತೆ ಫೋನು ಮಾಡಿ, ಜನ ನಕ್ಕರೆ ಏನು ಗತಿ ಎಂದರು.

“ನಗಲಿ ಬಿಡಿ. ಕರಡು ತಿದ್ದಿದವನು ಅಂತ ಕೊನೇ ಪುಟದಲ್ಲಿ ನನ್ನ ಹೆಸರಿರತ್ತಲ್ಲ, ನನ್ನ ನೋಡಿ ನಗಲಿ,” ಎಂದು ಕಡ್ಡಿ ಮುರಿದಂತೆ ಹೇಳಿ ಇಟ್ಟುಬಿಟ್ಟ.

ಇನ್ನು ಉಳಿದದ್ದು ಒಂದೇ ತಪ್ಪು. ‘ಯಾರೋ’ ಎಂಬುದನ್ನು ಕೆಂಪು ಗೆರೆಯಿಂದ ಹೊಡೆದುಹಾಕಿ, ಅಂಚಿನಲ್ಲಿ ದುಂಡಗೆ, ಒಂದನೇ ತರಗತಿಯವನ ಹಾಗೆ ಬಿಡಿಸಿ ಬರೆದ.

ಅಕ್ಷರ ಜೋಡಿಸುವ ಹೆಂಗಸು ಪುಟ ತೆಗೆದುಕೊಂಡು ಹೋದವಳು ಬಾಗಿಲಲ್ಲೇ ನಿಂತಳು. ಈ ಸಲ ನಗುತ್ತಿರಲಿಲ್ಲ. ತಿರುಗಿ ಬಂದು ಅಂಚಿನ ಮೇಲೆ ಬೆರಳಿಟ್ಟಳು. “ಸಾರ್, ‘ಹಕ್ಕನ ತಮ್ಮ’ ಅಂತ ಇದೆ. ಇದು ನಿಮ್ಮದೇ ಕೈಬರಹ.”

ಕೊಂಬುದೀರ್ಘ ಪೆನ್ನು ಎತ್ತಿಕೊಂಡು ಅದರ ಅಡಿಯಲ್ಲೂ ಚುಕ್ಕಿಗಳನ್ನಿಟ್ಟ. ಪಕ್ಕದಲ್ಲಿ ಬರೆದ: ಇರಲಿ.